ಸುಣ್ಣದ ಗೆರೆಯ ಪಾಠ

"ಆ ಹುಡುಗಿ ಅಲ್ಲಿ ನಿಲ್ಲೋ ಹಂಗಿಲ್ಲ! ಆಕೆ ಒಂಬತ್ತನೆಯೋಳು!"

ಮೈದಾನದ ಅಂಚಿನಿಂದ ಬಂದ ಗಂಡಸಿನ ದನಿಗೆ ಚಿತ್ತಮ್ಮ ಬೆಚ್ಚಿ ತಿರುಗಿದಳು.

ಹೊಳಲ್ಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನ ಮೈದಾನದಲ್ಲಿ ಆಕೆ ಸುಣ್ಣದ ಪುಡಿಯಿಂದ ಒಂದರ ಸುತ್ತ ಒಂದು ಮೂರು ವೃತ್ತ ಎಳೆದಿದ್ದಳು. ನಡುವಿನ ಕಲ್ಲು ಸೋಡಿಯಂ ಪರಮಾಣುವಿನ ನ್ಯೂಕ್ಲಿಯಸ್. ಹನ್ನೊಂದು ಹುಡುಗಿಯರು ಎಲೆಕ್ಟ್ರಾನುಗಳು. ಮೊದಲ ಕವಚದಲ್ಲಿ ಇಬ್ಬರು, ಎರಡನೆಯದರಲ್ಲಿ ಎಂಟು ಮಂದಿ, ಹೊರಗಿನದರಲ್ಲಿ ಒಬ್ಬಳು ನಿಲ್ಲಬೇಕು.

ಚಿತ್ತಮ್ಮ ಎರಡನೆಯದರಲ್ಲೇ ಒಂಬತ್ತು ಮಂದಿಯನ್ನು ತುರುಕಿಬಿಟ್ಟಿದ್ದಳು!

ಹುಡುಗಿಯರು ಕಿಸಕ್ಕನೆ ನಕ್ಕರು. ಆಕೆಯ ಮುಖ ಕೆಂಪಾಯಿತು.

"ನನ್ನ ಕ್ಲಾಸಿನಾಗೆ ಬಾಯಿ ಹಾಕೋಕೆ ನೀವ್ಯಾರು?"

"ಎತ್ತಪ್ಪ ಅಂತ, ಹಿರಿಯೂರ ಕಡೆಯೋನು. ಈ ಸ್ಕೂಲಿಗೆ ಸೈನ್ಸ್ ಮೇಷ್ಟ್ರಾಗಿ ಆರ್ಡರ್ ಆಗೈತೆ..."

ಚಿತ್ತಮ್ಮ ಕೈಯಲ್ಲಿದ್ದ ಸುಣ್ಣದ ಪುಡಿಯನ್ನು ಕೆಳಗಿಟ್ಟಳು.

ಅವಳದು ಹಂಗಾಮಿ ಕೆಲಸ. ಕಾಯಂ ಮೇಷ್ಟ್ರು ಬಂದರೆ ಅವಳು ಜಾಗ ಬಿಡಬೇಕು. ಬಿಟ್ಟರೆ...?

ಬೆಳಿಗ್ಗೆ ತಾನೇ ಅಣ್ಣ ಜುಂಜಯ್ಯ ಹೇಳಿದ್ದ. "ಲೇ ಚಿತ್ತಿ, ಪರೀಕ್ಷೆ ಮುಗೀತಿದ್ದಂಗೆ ಮದುವೆ. ಮಗೂಗೆ ತಾಯಿ ಬೇಕು. ಇನ್ನೊಂದು ಮಾತಿಲ್ಲ."

ಅಕ್ಕ ಪಾಲಮ್ಮ ತೀರಿಕೊಂಡು ವರ್ಷವಾಗಿತ್ತು. ಚಿತ್ತಮ್ಮ ಅಕ್ಕನ ಗಂಡ ಉಗ್ರಪ್ಪನನ್ನೇ ಕಟ್ಟಿಕೊಂಡು, ಅಕ್ಕನ ಎರಡು ವರ್ಷದ ಮಗಳನ್ನು ಸಾಕಬೇಕೆಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ಅವಳನ್ನೊಬ್ಬಳನ್ನು ಬಿಟ್ಟು! ದಿನಾ ಸಂಜೆ ಅಣ್ಣ ಸ್ಕೂಲಿನ ಗೇಟಿನಲ್ಲಿ ಬಂದು ನಿಲ್ಲುತ್ತಿದ್ದ. ಅಲ್ಲಿಂದ ಮನೆ, ಮನೆಯಿಂದ ಸ್ಕೂಲು... ಅಷ್ಟೇ ಅವಳ ಲೋಕ.

ಹೆಡ್‌ಮಿಸ್ಟ್ರೆಸ್ ಚಂದ್ರಕ್ಕ ಕರುಣೆಯಿಂದ ಒಂದು ದಾರಿ ಮಾಡಿದರು. "ಎಸ್ಸೆಸ್ಸೆಲ್ಸಿ ಹುಡುಗೀರು ಚಿತ್ತಮ್ಮನ ಪಾಠಕ್ಕೆ ಹೊಂದಿಕೊಂಡವರೆ. ಪರೀಕ್ಷೆವರೆಗೂ ಇಬ್ರೂ ಹಂಚ್ಕೊಂಡು ಮಾಡ್ರಿ."

ಮೂರು ತಿಂಗಳು. ಅಷ್ಟೇ ಸಿಕ್ಕಿದ್ದು.

ಮರುದಿನ ಎತ್ತಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ.

"ನಿನ್ನೆ ಹುಡುಗೀರ ಮುಂದೆ ಹಂಗೆ ಅನ್ನಬಾರದಾಗಿತ್ತು. ತಪ್ಪಾಯ್ತು ರೀ."

"ತಪ್ಪು ನಂದೇ ಇತ್ತಲ್ಲ," ಎಂದಳು ತಲೆ ಎತ್ತದೆ.

"ಲೆಕ್ಕ ತಪ್ಪಿತ್ತು, ಪಾಠ ತಪ್ಪಿರಲಿಲ್ಲ. ಹಿಂದಿನ ಸ್ಕೂಲಿನಾಗೆ ಎರಡು ವರ್ಷ ಬೋರ್ಡ್ ಮೇಲೆ ಬರ್ದು ಬರ್ದು ಹೇಳ್ದೆ, ನನ್ನ ಹುಡುಗ್ರು ಬಾಯಿಪಾಠ ಮಾಡಿದ್ರೇ ಹೊರತು ತಿಳ್ಕೊಳ್ಳಲಿಲ್ಲ. ನಿಮ್ಮ ಹುಡುಗೀರು ಕುಣ್ಕೊಂಡು ಕಲೀತಾವೆ! ನಿಮ್ಮ ಕ್ಲಾಸಿಗೆ ನಾನೂ ಬಂದು ಕೂರಲಾ?"

ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತು ನಕ್ಕು...!

ಆಮೇಲೆ ಮೈದಾನದಲ್ಲಿ ಕ್ಲೋರಿನ್ ಬಂತು, ಮೆಗ್ನೀಷಿಯಂ ಬಂತು. ಅವನು ಸುಣ್ಣ ಹೊತ್ತು ತರುತ್ತಿದ್ದ, ಅವಳು ಗೆರೆ ಎಳೆಯುತ್ತಿದ್ದಳು. "ಹೊರಗಿನ ಕವಚ ತುಂಬಿದ್ರೆ ಆ ಧಾತು ಯಾರ ತಂಟೆಗೂ ಹೋಗಲ್ಲ ಅಲ್ವಾ, ಅಕ್ಕೋರೆ?" ಎಂದು ಒಬ್ಬ ಹುಡುಗಿ ತಾನೇ ಕಂಡುಹಿಡಿದು ಕೇಳಿದ ದಿನ, ಇಬ್ಬರೂ ಒಟ್ಟಿಗೆ "ಶಾಭಾಷ್!" ಎಂದರು. ಕಣ್ಣು ಕಣ್ಣು ಕೂಡಿತು.

ಸಂಜೆಯಾಗುತ್ತಿದ್ದಂತೆ ಗೇಟಿನಲ್ಲಿ ಅಣ್ಣ. ಅವಳು ತಲೆ ತಗ್ಗಿಸಿ ನಡೆದುಬಿಡುತ್ತಿದ್ದಳು. ಬೇಡ ಅನ್ನೋ ಒಂದು ಮಾತು ಗಂಟಲಲ್ಲೇ ಕುಂತೈತಲ್ಲ... ಯಾಕೆ ಬರವಲ್ದು?

ಮಾರ್ಚ್ ತಿಂಗಳಲ್ಲಿ ಹಾಜರಿ ಪುಸ್ತಕ ಕೊಡಲು ಹೋದಾಗ ಚಂದ್ರಕ್ಕನ ಮೇಜಿನ ಮೇಲೆ ಒಂದು ಕಾಗದ ಕಂಡಿತು. ಎತ್ತಪ್ಪನ ಅಕ್ಷರ! 'ಚಿತ್ತಮ್ಮ ಅವರ ಹಂಗಾಮಿ ಹುದ್ದೆಯ ವಿಚಾರವಾಗಿ...' ಮುಂದಿನದನ್ನು ಮೇಲಿದ್ದ ಇನ್ನೊಂದು ಪುಸ್ತಕ ಮುಚ್ಚಿತ್ತು.

'ನನ್ನ ತೆಗೆಸೋಕೆ ಮೂರು ತಿಂಗಳು ಕಾಯೋಕೂ ಆಗ್ಲಿಲ್ವಾ ಇವ್ರಿಗೆ? ಆ ನಗು, ಆ ಮಾತು... ಎಲ್ಲಾ ಸುಳ್ಳಾ?'

ಅಂದಿನಿಂದ ಅವಳು ಮಾತು ಬಿಟ್ಟಳು.

"ಏನಾಯ್ತು, ಹೇಳ್ರಿ..." ಎಂದು ಅವನು ಕಾರಿಡಾರಿನಲ್ಲಿ ತಡೆದ.

"ನಿಮ್ಮ ದಾರಿ ಸಲೀಸಾಯ್ತಲ್ಲ. ಇನ್ನೇನು ಮಾತು? ನಂದು ಮದುವೆ."

ಅವನ ಮುಖ ಬಿಳಿಚಿಕೊಂಡಿತು. "ಒಳ್ಳೇದಾಗ್ಲಿ," ಎಂದಷ್ಟೇ ಹೇಳಿ ಸರಿದುಹೋದ.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಚಂದ್ರಕ್ಕ ಅವಳನ್ನು ಕರೆದರು.

"ಎತ್ತಪ್ಪ ಹಿರಿಯೂರಿಗೆ ವರ್ಗ ಕೇಳವ್ರೆ. ಇಲ್ಲಿ ಜಾಗ ಖಾಲಿಯಾದ್ರೆ ಚಿತ್ತಮ್ಮನ್ನೇ ಮುಂದುವರಿಸ್ರಿ ಅಂತ ಬರ್ದವ್ರೆ. ನಿಂಗೆ ಹೇಳಬೇಡ್ರಿ ಅಂದಿದ್ರು. ನಿನ್ನ ಮುಖ ನೋಡಿ ನಂಗೇ ತಡೀಲಿಲ್ಲ ಕಣಮ್ಮ."

ಚಿತ್ತಮ್ಮನ ಕಣ್ಣು ತುಂಬಿ ಬಂತು. ಎಂಥಾ ಮಾತಂದೆ ಅವ್ರಿಗೆ...!

ಆ ಸಂಜೆ ಮನೆಯಲ್ಲಿ ಭಾವ ಉಗ್ರಪ್ಪ ಮಗುವನ್ನೆತ್ತಿಕೊಂಡು ಬಂದು ಕೂತಿದ್ದ. ದಿನ ಗೊತ್ತು ಮಾಡುವ ಮಾತು. ಅಣ್ಣ ಪಂಚಾಂಗ ಬಿಚ್ಚಿದ. ಮಗು ಚಿಕ್ಕಮ್ಮನ ಕಡೆ ಕೈ ಚಾಚಿತು. ಚಿತ್ತಮ್ಮ ಅದನ್ನೆತ್ತಿ ಎದೆಗೊತ್ತಿಕೊಂಡಳು. ಗಂಟಲಲ್ಲಿ ಕುಂತಿದ್ದ ಮಾತು ಈಗ ತಾನಾಗಿ ಹೊರಬಂತು.

"ಭಾವ, ಈ ಕೂಸಿಗೆ ನಾನು ಪ್ರಾಣ ಕೊಡ್ತೀನಿ. ಆದ್ರೆ ನಿಮ್ಮನ್ನ ಮದುವೆಯಾಗೋಕೆ ನನ್ನ ಕೈಲಾಗಲ್ಲ."

"ಲೇ!" ಅಣ್ಣ ಎದ್ದು ನಿಂತ.

ಉಗ್ರಪ್ಪ ಮಾತ್ರ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

"ಜುಂಜಯ್ಯ, ಬೈಬ್ಯಾಡಪ್ಪ. ನಾನು ಪಾಲೀನ ಮದುವೆಯಾದಾಗ ಅವಳ ಹಿಂದೆ ಲಂಗ ಹಾಕ್ಕಂಡು ಓಡ್ತಿದ್ದ ಹುಡುಗಿ ಇದು. ನಂಗೂ ಮನಸ್ಸಿರಲಿಲ್ಲ... ಹಿರಿಯರ ಮಾತು ಅಂತ ಬಾಯಿ ಮುಚ್ಕಂಡಿದ್ದೆ. ಕೂಸನ್ನ ನಮ್ಮವ್ವ ನೋಡ್ಕತಾಳೆ. ನೀನು ಬರ್ತಾ ಇರು, ಚಿತ್ತಮ್ಮ."

ಅಣ್ಣ ಪಂಚಾಂಗ ಮೂಲೆಗೆಸೆದು ಹೊರನಡೆದ. ಮರುದಿನ ಅವನು ಅವಳ ಜೊತೆ ಮಾತಾಡಲಿಲ್ಲ. ಸಂಜೆ ಗೇಟಿಗೂ ಬರಲಿಲ್ಲ.

ಎತ್ತಪ್ಪ ಖಾಲಿ ಕ್ಲಾಸಿನಲ್ಲಿ ಬೋರ್ಡ್ ಒರೆಸುತ್ತಿದ್ದ. ಅವಳು ನೇರ ಹೋಗಿ ಎದುರಿಗೆ ನಿಂತಳು.

"ವರ್ಗ ಕೇಳಿದ್ರಂತೆ. ಯಾರನ್ನ ಕೇಳಿ ಕೇಳಿದ್ರಿ?"

"ನಿಮಗೆ ಒಳ್ಳೇದಾಗ್ಲಿ ಅಂತ..."

"ನಮ್ಮಣ್ಣನೂ ಅದನ್ನೇ ಅಂತಾನೆ! ಎಲ್ಲಾರೂ ನನ್ನ ಸಾಮಾನಿನಂಗೆ ಎತ್ತಿ ಎತ್ತಿ ಇಡೋರೇ. ನಿನಗೇನು ಬೇಕು ಅಂತ ಒಬ್ರಾದ್ರೂ ಕೇಳಿದ್ರಾ?" ದನಿ ಒಡೆಯಿತು. "ನಾನೂ ಕೇಳದೆ ನಿಮ್ಮನ್ನ ತಪ್ಪು ತಿಳ್ಕೊಂಡೆ... ಕ್ಷಮಿಸ್ರಿ."

ಅವನು ಡಸ್ಟರ್ ಕೆಳಗಿಟ್ಟ.

"ಈಗ ಕೇಳ್ತೀನಿ, ಚಿತ್ತಮ್ಮ. ನಿಮಗೇನು ಬೇಕು?"

"ಭಾವನ ಸಂಬಂಧ ಬ್ಯಾಡ ಅಂದು ಬಂದೀನಿ. ನಂಗೆ ಪಾಠ ಮಾಡಬೇಕು. ಹೊಸದುರ್ಗದಾಗೆ ಒಂದು ಜಾಗ ಖಾಲಿ ಐತಂತೆ, ಅರ್ಜಿ ಹಾಕ್ತೀನಿ. ನೀವು ಎಲ್ಲೂ ಹೋಗಬಾರದು..." ತಲೆ ಎತ್ತಿ ಅವನನ್ನೇ ನೋಡಿದಳು. "ನೀವು ಬೇಕು ನಂಗೆ."

ಅವನ ಕಣ್ಣಲ್ಲಿ ನೀರಾಡಿತು.

"ಮೊದಲನೇ ದಿನದಿಂದ ನಂಗೂ ಅದೇ ಬೇಕಾಗಿತ್ತು ಕಣ್ರಿ. ನಿಮ್ಮ ಕಷ್ಟದಾಗೆ ಇದೊಂದು ಯಾಕೆ ಹೇರಲಿ ಅಂತ ಸುಮ್ನಿದ್ದೆ."

"ಹಂಗಾದ್ರೆ ಮನೆಗೆ ಬಂದು ನಮ್ಮಣ್ಣನ್ನ ಕೇಳ್ರಿ. ಬೈತಾನೆ. ಬೈಸ್ಕಂಡು ಕುಂತ್ಕಳ್ರಿ."

"ಎಷ್ಟೊತ್ತು?"

"ಕಾಫಿ ಬರೋತನಕ."

"ಅಲ್ರೀ... ಅಷ್ಟು ಸಿಟ್ಟಿನಾಗೆ ನಂಗೆ ಕಾಫಿ ಕೊಡೋರ್ಯಾರು?"

ಚಿತ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ನಾನೇ ಕೊಡ್ತೀನಿ, ಬರ್ರಿ."