ಮುನ್ನೂರ ಹನ್ನೆರಡನೇ ಸಂಚಿಕೆ

“ಮುನ್ನೂರ ಹನ್ನೊಂದು ಇದೆ. ಮುನ್ನೂರ ಹದಿಮೂರೂ ಇದೆ. ಮಧ್ಯದ್ದು ಎಲ್ಲಿ ಹೋಯ್ತು?” ಎಂದು ಕ್ಲಾಸಿನವರೆಲ್ಲ ಸೋಡಾಬುಡ್ಡಿ ಎಂದು ಕರೆಯುವ ಹುಡುಗ ಕನ್ನಡಕ ಏರಿಸಿಕೊಂಡು ಕೇಳಿದ.

ಅವನ ಮುಂದೆ ಊರಿನ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು ಸೇರಿಸಿ ಬೈಂಡ್ ಮಾಡಿದ ದಪ್ಪ ಪುಸ್ತಕವಿತ್ತು. ಅದನ್ನು ಮನೆಯಿಂದ ಏದುಸಿರು ಬಿಡುತ್ತಾ ಹೊತ್ತು ತಂದವಳು ಪಟಾಕಿ. ಪಟಪಟ ಮಾತಾಡುವ ಹುಡುಗಿಗೆ ಕ್ಲಾಸಿನವರೇ ಇಟ್ಟ ಹೆಸರು ಅದು. ಪತ್ರಿಕೆ ಶುರು ಮಾಡಿದ್ದು ಅವಳ ಅಜ್ಜ, ಈಗ ನಡೆಸುತ್ತಿರುವುದು ಅಪ್ಪ. ಶುಕ್ರವಾರದ ಎಕ್ಸಿಬಿಷನ್ನಿಗೆಂದು ಅವಳು ಚಾರ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಳು: ‘ಐವತ್ತೆರಡು ವರ್ಷ, ಒಂದು ವಾರವೂ ತಪ್ಪಿಲ್ಲ!’

ಪಟಾಕಿ ಪುಟ ಮಗುಚಿದಳು. ಮತ್ತೆ ಮಗುಚಿದಳು. ಆ ಸಂಚಿಕೆ ಇರಲೇ ಇಲ್ಲ. ಪಟಾಕಿ ಠುಸ್ ಆಯಿತೆಂದು ಹಿಂದಿನ ಬೆಂಚಿನವರು ನಕ್ಕರು. ಟೀಚರ್ ನಗಲಿಲ್ಲ. ಪುರಾವೆ ತಂದರೆ ಆ ಸಾಲು ಇರಲಿ, ಇಲ್ಲದಿದ್ದರೆ ಅಳಿಸಿಬಿಡು ಎಂದರು.

ಮನೆಗೆ ಬಂದವಳ ಮುಖ ಊದಿಕೊಂಡಿತ್ತು. ಅಪ್ಪನನ್ನು ಕೇಳಿ ಪ್ರಯೋಜನವಿರಲಿಲ್ಲ. ಆ ಸಂಚಿಕೆಯ ಕಾಲಕ್ಕೆ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ ಕೂಸು. ಮುಂದಿನ ಕೋಣೆಯೇ ಪ್ರೆಸ್ಸು. ಅಲ್ಲಿ ಅಜ್ಜಿ ಎಂದಿನಂತೆ ಈ ವಾರದ ಪತ್ರಿಕೆಗಳನ್ನು ಮಡಚುತ್ತಾ ಕುಳಿತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು ಅವಳು ಕೈ ನಿಲ್ಲಿಸದೆಯೇ ಹೇಳಿದಳು.

“ಆ ವಾರ ಮಷೀನಿನ ಚಕ್ರ ಒಡೆದುಹೋಗಿತ್ತು ಕಣೇ. ನಿಮ್ಮಜ್ಜ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ನಾನು ಕೈಯಲ್ಲೇ ಬರೆದೆ. ನಲವತ್ತು ಕಾಪಿ.”

“ಅವೆಲ್ಲ ಎಲ್ಲಿವೆ ಈಗ?”

“ಊರ ಗೋಡೆಗಳಿಗೆ ಅಂಟಿಸಿದ್ವಿ. ಗೋಡೆನ ಬೈಂಡ್ ಮಾಡೋಕಾಗುತ್ತಾ?”

ಒಂದನ್ನು ಕಟಿಂಗ್ ಶಾಪಿನ ಒಳಗೋಡೆಗೂ ಅಂಟಿಸಿದ್ದು ಅಜ್ಜಿಗೆ ನೆನಪಿತ್ತು. ಸರದಿಗಾಗಿ ಕಾಯುವವರಿಗೆ ಬೇರೇನು ಕೆಲಸ, ಓದಿಯೇ ಓದುತ್ತಾರೆ ಎಂಬುದು ಆಗಿನ ಅವಳ ಲೆಕ್ಕ. ಪಟಾಕಿ ಚಪ್ಪಲಿ ಕೂಡ ಮೆಟ್ಟದೆ ಓಡಿದಳು.

ಕಟಿಂಗ್ ಶಾಪಿನ ಮಾಮ ತಲೆ ಕೆರೆದುಕೊಂಡರು. ಆ ಗೋಡೆಗೆ ಅವರಪ್ಪ ದೊಡ್ಡ ಕನ್ನಡಿ ಹಾಕಿಸಿ ಯಾವುದೋ ಕಾಲವಾಗಿತ್ತು. ಕುರ್ಚಿಯಲ್ಲಿದ್ದ ಗಿರಾಕಿಯ ಉಳಿದರ್ಧ ಗಡ್ಡ ಮುಗಿಸಿ, ಆ ಗಿರಾಕಿಯನ್ನೇ ಜೊತೆಗೆ ಸೇರಿಸಿಕೊಂಡು ಮಾಮ ಕನ್ನಡಿ ಇಳಿಸಿದರು. ಹಿಂದೆ ಧೂಳು, ಜೇಡರ ಬಲೆ, ಅದರಡಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಒಂದು ಹಾಳೆ.

ಮೇಲ್ಗಡೆ ‘ಸಂಚಿಕೆ ೩೧೨’ ಎಂದಿತ್ತು. ಅದರ ಕೆಳಗೆ ದೊಡ್ಡದಾಗಿ, ಹೊಳೆಯ ಸೇತುವೆ ಬಿರುಕು ಬಿಟ್ಟಿದೆ, ಯಾರೂ ದಾಟಬೇಡಿ ಎಂಬ ಸುದ್ದಿ. ಕೊನೆಯಲ್ಲಿ ಬಿಳಿ ಕಿವಿಯ ಕರಿ ಆಡು ಕಾಣೆಯಾಗಿದೆ, ಸಿಕ್ಕವರು ದಯವಿಟ್ಟು ಹುಲ್ಲು ಹಾಕಿರಿ ಎಂಬ ಜಾಹೀರಾತು. ಆ ದುಂಡಕ್ಷರವನ್ನು ಪಟಾಕಿ ದಿನವೂ ನೋಡುತ್ತಿದ್ದಳು. ಅಡುಗೆಮನೆಯ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿಗಳ ಮೇಲೆ ಇದ್ದದ್ದು ಅದೇ. ಅವಳು ಹೆಮ್ಮೆಯಿಂದ ಆ ಸಾಲುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

ಹಾಳೆ ಕೀಳಲು ಹೋದರೆ ಸುಣ್ಣವೂ ಉದುರಿತು. ಮಾಮನ ಮೊಬೈಲಿನಲ್ಲಿ ಫೋಟೋ ತೆಗೆದರೆ ಮಾಸಿದ ಶಾಯಿ ಕಾಣಲಿಲ್ಲ. ಪಟಾಕಿ ಮಾಮನಿಂದ ಹಾಳೆ, ಪೆನ್ನು ಇಸಿದುಕೊಂಡು, ತಿರುಗುವ ಕುರ್ಚಿ ಹತ್ತಿ ಕುಳಿತು ನಕಲು ಮಾಡತೊಡಗಿದಳು.

ಸೇತುವೆ ಮುಗಿಯುವಷ್ಟರಲ್ಲಿ ಬೆರಳು ನೋಯಿತು. ಆಡಿನ ಹತ್ತಿರ ಬಂದಾಗ ಮಣಿಕಟ್ಟೇ ಸೋತಿತು. ಅವಳ ಅಕ್ಷರಗಳು ಸೊಟ್ಟಗಾಗಿ ಸಾಲು ಬಿಟ್ಟು ಇಳಿಯುತ್ತಿದ್ದವು. ಗೋಡೆಯ ಮೇಲಿನ ಅಕ್ಷರಗಳು ಕೊನೆಯ ಸಾಲಿನವರೆಗೂ ನೆಟ್ಟಗೆ ನಿಂತಿದ್ದವು. ಅವಳು ಪೆನ್ನು ಕೆಳಗಿಟ್ಟು ಕೈ ಕೊಡವಿದಳು. ಇದು ಒಂದೇ ಒಂದು ಕಾಪಿ.

ನಕಲಿನ ಕೆಳಗೆ ಮಾಮ ತಾವಾಗಿಯೇ ಬರೆದು ಸಹಿ ಹಾಕಿದರು: ‘ಅಸಲು ನನ್ನ ಅಂಗಡಿಯಲ್ಲಿದೆ. ಅನುಮಾನ ಇದ್ದವರು ಬಂದು ನೋಡಬಹುದು.’ ಕನ್ನಡಿಗೆ ಪಕ್ಕದ ಗೋಡೆಯಲ್ಲಿ ಹೊಸ ಮೊಳೆ ಹೊಡೆದರು.

ಸಂಜೆ ಪಟಾಕಿ ಮನೆಗೆ ಬಂದಾಗ ಅಜ್ಜಿ ಇನ್ನೂ ಪತ್ರಿಕೆ ಮಡಚುತ್ತಲೇ ಇದ್ದಳು. ಪಟಾಕಿ ಪಕ್ಕದಲ್ಲಿ ಕುಳಿತು ಅವಳ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದೊಂದೇ ಬೆರಳನ್ನು ಒತ್ತತೊಡಗಿದಳು.

“ಏನೇ ಇದು?”

“ತುಂಬಾ ನೋವಾಗಿತ್ತಾ ಅಜ್ಜಿ?”

“ಅಯ್ಯೋ, ನಲವತ್ತಾರು ವರ್ಷ ಆಯ್ತಲ್ಲೇ!” ಎಂದು ಅಜ್ಜಿ ನಕ್ಕಳು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.