ಲೋಟದ ನೀರು ಕದಡದಿರಲಿ

ಬ್ರಹ್ಮಾವರದ ಆ ಸಣ್ಣ ಲ್ಯಾಬಿನ ಬಾಗಿಲಲ್ಲಿ ಸುಜನ್ ನಿಂತಿದ್ದ. ಕೈಯಲ್ಲಿ ಬೇರುಸಹಿತ ಕಿತ್ತ ಬದನೆ ಗಿಡ. ಎಲೆಗಳು ಜೋತುಬಿದ್ದಿದ್ದವು.

ಅಲ್ಲಿ ಗಿಡಗಳ ರೋಗ ಪರೀಕ್ಷಿಸುವ ರಂಜನಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು.

'ನಾನೇ ಕೊಂದೆ…'

"ಕಾಣಿ ಮೇಡಂ, ನಿನ್ನೆ ಸಂಜಿಗೆ ಚಂದ ಇದ್ದಿತ್. ಬೆಳಿಗ್ಗೆ ಕಂಡ್ರೆ ಮನೆಬದಿ ಸಾಲಿಗೆ ಸಾಲೇ ತಲೆ ಬಗ್ಸಿತ್ತ್."

ಮಣ್ಣಿನ ಮಾದರಿಗೆಂದು ತೆಕ್ಕಟ್ಟೆಗೆ ಹೋದಾಗ ಅವಳು ಅವನನ್ನು ಮೊದಲು ಕಂಡದ್ದು. ಬೋಟಿನ ಕೆಲಸ ಬಿಟ್ಟು ಬದನೆ ಹಾಕಿದ್ದ. ಸೊರಗು ರೋಗ ಬಂದು ಗದ್ದೆಯೆಲ್ಲ ಸತ್ತು, ಒಂದೇ ಗಿಡ ಉಳಿದಿತ್ತು. ಅವನು ಅದರ ಬುಡದಲ್ಲಿ ಸುಮ್ಮನೆ ಕುಕ್ಕರಗಾಲಲ್ಲಿ ಕುಳಿತಿದ್ದ. ಕೋಟದ ತನ್ನ ಮನೆಗೆ ಮರಳಿದ ಮೇಲೂ ಆ ಮುಖ ಅವಳನ್ನು ಬಿಡಲಿಲ್ಲ.

ಉಳಿದ ಗಿಡದ ಬೇರಿನಿಂದ ಅವಳು ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದಳು. ಗಿಡ ಕಾಪಾಡಿದ್ದು ಇದೇ ಇರಬಹುದು ಎಂಬ ಆಸೆ. ಆದರೆ ರೋಗದ ಬ್ಯಾಕ್ಟೀರಿಯಾವೂ ಅದೇ ಮಣ್ಣಿನದು. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಎರಡೂ ಬೆಳ್ಳಗೆ, ಲೋಳೆಲೋಳೆ. ತಾನು ಬೇರ್ಪಡಿಸಿದ್ದು ಯಾವುದೆಂದು ಗುರುತಿಸುವ ಪರೀಕ್ಷೆ ಮುಗಿದಿರಲಿಲ್ಲ.

ಅಷ್ಟರಲ್ಲಿ ಅವನು ಮದ್ದು ಕೇಳಿದ. ಸಸಿಯ ಬೇರು ಅದ್ದಿ ನೆಡಲು ಆ ಬ್ಯಾಕ್ಟೀರಿಯಾ ಬೆರೆಸಿದ ನೀರಿನ ಬಾಟಲಿ ಕೊಟ್ಟೇಬಿಟ್ಟಳು. ಈ ಸಲ ನೆಟ್ಟದ್ದು ರೋಗವೇ ಕಾಣದ ಹೊಸ ಗದ್ದೆಯಲ್ಲಿ. ಕೊಟ್ಟದ್ದು ರೋಗವೇ ಆಗಿದ್ದರೆ, ಅಲ್ಲಿ ವರ್ಷಗಟ್ಟಲೆ ಬದನೆ ಏಳದು…

"ನಾಳೆ ಬನ್ನಿ." ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಸುಜನ್‌ನ ಮುಖ ಸಣ್ಣದಾಯಿತು. "ಮೀನಿನ ವಾಸ್ನಿ ಬತ್ತಾ? ನಾವ್ ಮೀನಿನವ್ರೇ ಅಲ್ದಾ… ದೂರವೇ ನಿಂತ್ಕಂತೆ."

"ಅಯ್ಯೋ, ಹಾಂಗಲ್ಲ!"

ಇನ್ನು ಸುಮ್ಮನಿದ್ದರೆ ಅವನು ಇದೇ ನೋವು ಹೊತ್ತು ಹೋಗುತ್ತಾನೆ. ಅವಳು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟಳು. "ಪರೀಕ್ಷೆ ಮುಗಿಯದೇ ಆ ಬಾಟ್ಲಿ ಕೊಟ್ಟಿದ್ದೆ. ಅದ್ ರೋಗದ್ದೇ ಆಗಿರ್ಲಕ್ಕ್."

ಅವನು ಗಿಡವನ್ನು ಮೇಜಿನ ಮೇಲಿಟ್ಟ. "ಎಂತಕ್ಕೆ ಕೊಟ್ಟದ್?"

ಅವಳು ಗಿಡದ ಕಾಂಡ ಕತ್ತರಿಸಿ, ಕತ್ತರಿಸಿದ ತುದಿಯನ್ನು ಲೋಟದ ತಿಳಿನೀರಿಗೆ ಇಳಿಬಿಟ್ಟಳು. "ರೋಗ ಇದ್ರೆ ಇಲ್ಲಿಂದ ಲೋಳೆ ಹಾಲಿನ ನೂಲಿನ ಹಾಂಗೆ ಇಳಿತ್ತ್."

ಇಬ್ಬರೂ ಬಗ್ಗಿದರು. ಅವಳ ಕೈ ನಡುಗುತ್ತಿತ್ತು. ಈಗ ಇಳಿಯುತ್ತದೆ… ಈಗ…

ಇಳಿಯಲಿಲ್ಲ. ನೀರು ತಿಳಿಯಾಗಿಯೇ ನಿಂತಿತು.

ಹಾಗಾದರೆ ಬಾಡಿದ್ದೇಕೆ? ಅವಳು ಬೇರನ್ನು ಮೂಗಿನ ಹತ್ತಿರ ತಂದಳು. ಮೀನಿನ ವಾಸನೆ ಅವನದಲ್ಲ, ಬೇರಿನ ಮಣ್ಣಿನದು! ಒಣಗಿದ ಹೆಂಟೆಯ ಮೇಲೆ ಬಿಳಿ ಉಪ್ಪಿನ ಪುಡಿ.

"ಗಿಡಕ್ಕೆ ಎಂತಾರು ಹಾಕಿದ್ರ್ಯಾ?"

"ನಾ ಇಲ್ಲೆ. ಅಬ್ಬಿ ಹತ್ರ ಕೇಂತೆ." ಅವನು ತಾಯಿ ವನಜಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಹ್ವಾಯ್, ಎಂತ ಮಗ? ಗಿಡಕ್ಕಾ? ಹೌದ್, ಒಣಮೀನ್ ತೊಳ್ದ ನೀರ್ ಹಾಕಿದ್ದೆ. ಮನೆಬದಿ ಸಾಲಿಗೆ ಮಾತ್ರ."

"ಅದ್ರೊಳ್ಗೆ ಉಪ್ಪ್ ಇರತ್ತಲೆ ಅಬ್ಬಿ! ಗಿಡ ಬಾಡಿತ್ತ್."

"ಹೌದನಾ… ಹಸಿಮೀನಿನ ನೀರ್ ಹಾಕ್ರೆ ಬಸಳೆ ಹೆಂಗ್ ಬತ್ತಿತ್! ನಿಂದ್ ದಿನಾ ಆ ಲ್ಯಾಬಿನ ಹೆಣ್ಣಿಂದೇ ಸುದ್ದಿ. ಅದ್ ಕೊಟ್ಟ ಮದ್ದಿನ ಗಿಡ ಬೇಗ ಬೆಳದ್ರೆ ಹೆಣ್ಣೂ ಮನಿಗ್ ಬತ್ತೇನೋ ಅಂದೇಳಿ ಹಾಕ್ದೆ ಮಾರಾಯ."

ಸುಜನ್ ಗಾಬರಿಯಲ್ಲಿ ಫೋನ್ ಕತ್ತರಿಸಿದ. ಕಿವಿಯೆಲ್ಲ ಕೆಂಪು. "ಅಬ್ಬಿ ಎಂತೆಂತೋ ಹೇಳತ್ತ್…"

"ಸುಳ್ಳಾ?"

"…ಸುಳ್ಳಲ್ಲ."

ರಂಜನಿ ಲೋಟವನ್ನೇ ನೋಡುತ್ತಿದ್ದಳು. "ನೀವ್ ಆಗ್ಳೆ ಕೇಂಡದ್ದಕ್ಕೆ ಉತ್ರ ಕೊಟ್ಟಿಲ್ಲೆ. ಬಾಟ್ಲಿ ಕೊಡದಿದ್ರೆ ನೀವ್ ಮತ್ತೆ ಬಪ್ಪುದಿಲ್ಲೆ ಅಂದೇಳಿ… ಅದಕ್ಕೆ ಕೊಟ್ಟದ್. ಪರೀಕ್ಷೆ ಮುಗಿವಲ್ಲಿವರೆಗೆ ಇನ್ನೊಂದ್ ಹನಿಯೂ ಕೊಡುದಿಲ್ಲೆ."

"ಖಾಲಿ ಕೈಯಲ್ಲಿ ಹೋಪ್ದಾರೂ ಮತ್ತೆ ಬಪ್ಪುಕಾತ್ತಾ?"

"ಬನ್ನಿ."

"ಕೈ ಇನ್ನೂ ನಡ್ಗತ್ತಲೆ ನಿಮ್ದ್. ಈಗ ಎಂತಕ್ಕೆ ಹೆದ್ರಿಕಿ?"

"ಗೊತ್ತಿಲ್ಲೆ…" ಅವಳು ಅವನತ್ತ ಒಂದು ಕುರ್ಚಿ ಸರಿಸಿದಳು. "ಈ ನಡ್ಕ ಹೋಪು ವರೆಗೆ ಇಲ್ಲೇ ಕೂಕಣಿ."