ಒಂದು ಕೀಬೋರ್ಡು, ನಾಲ್ಕು ಕೈ

"ಒಂದ ಕೀಬೋರ್ಡಿನ ಮ್ಯಾಲೆ ಇಬ್ಬರೂ ಕೈ ಇಟ್ಟು ಆಡಬೇಕಂತ! ನಾಚಿಕಿ ಬರಲಿಲ್ಲೇನ್ರಿ ನಿಮಗ?"

ಗಜೇಂದ್ರಗಡದ ಪೇಟೆಯಲ್ಲಿದ್ದ ಶಾಹೀದನ ಕಂಪ್ಯೂಟರ್ ಅಂಗಡಿಗೆ ನುಗ್ಗಿದ ಇಷ್ರತ್, ಕೈಯಲ್ಲಿದ್ದ ಮಾಸಪತ್ರಿಕೆಯನ್ನು ಮೇಜಿನ ಮೇಲೆ ಬಡಿದಳು.

ಶಾಹೀದ ಗಾಬರಿಯಾಗಿ ಎದ್ದು ನಿಂತ. ಇಬ್ಬರ ಮಂಗನಿ, ಅಂದರೆ ನಿಶ್ಚಿತಾರ್ಥ, ಆಗಿ ಎರಡು ತಿಂಗಳು. ನಿಕಾಹ್ ಆಗುವವರೆಗೆ ಹುಡುಗ ಹುಡುಗಿ ಭೇಟಿಯಾಗಬಾರದೆಂದು ಹಿರಿಯರು ಹೇಳಿದ್ದರು. ಆ ಮಾತಿಗೆ ಬೆಲೆ ಕೊಟ್ಟು ಇಷ್ರತ್ ಈ ಓಣಿಯನ್ನೇ ತುಳಿದಿರಲಿಲ್ಲ. ಇವತ್ತು ಜೆರಾಕ್ಸ್ ನೆಪ ಹೇಳಿ, ಸೋದರತ್ತೆ ಚಮನಬಿಯನ್ನು ಎಳೆದುಕೊಂಡು ಬಂದಿದ್ದಳು.

"ಲಗೂ ಮುಗಸು ಬೇಟಿ," ಚಮನಬಿ ಬಾಗಿಲ ಬಳಿ ಕುರ್ಚಿ ಹಿಡಿದಳು. "ಯಾರರ ಕೇಳಿದ್ರ ಮಷೀನ್ ಕೆಟ್ಟೈತಿ ಅಂತೀನಿ."

ಅದು 2005. ಶಾಹೀದ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಪ್ರತಿ ತಿಂಗಳು ಕಂಪ್ಯೂಟರ್ ಆಟಗಳ ವಿಮರ್ಶೆ ಬರೆಯುತ್ತಿದ್ದ. ಈ ಸಲ ರೋಬೋಟ್ ಕಾಳಗದ ಆಟ. ಅಖಾಡದಲ್ಲಿ ಎರಡು ಉಕ್ಕಿನ ಜಟ್ಟಿಗಳು. ಒಂದರ ಕೈಕಾಲು ಕಳಚಿ ಬೀಳುವವರೆಗೆ ಹೊಡೆದಾಟ.

ಇಷ್ರತ್ ಗಟ್ಟಿಯಾಗಿ ಓದಿದಳು: "'ಇಬ್ಬರು ಕೂಡಿ ಆಡಿದರೇ ಇದರ ಸೊಗಸು. ನನ್ನ ಸೋದರಮಾವನ ಮಗಳು ಫರ್ಜಾನಾಳ ಕೈಚಳಕಕ್ಕೆ ನಾನು ಸೋತುಹೋದೆ.' ಸೋತುಹೋದ್ರೇನ್ರಿ?"

"ಅದು ಆಟದಾಗ..."

"ಎರಡು ತಿಂಗಳಾತು, ನನಗೊಂದು ಚೀಟಿ ಬರೀಲಿಲ್ಲ. ಅಕಿನ್ನ ಅಚ್ಚು ಹಾಕ್ಸಿ ಹೊಗಳೀರಿ!"

ಫರ್ಜಾನಾ... ಮಾತುಮಾತಿಗೆ ನಗುವ ಫರ್ಜಾನಾ! ಮಾವನ ಮಗಳೆಂದರೆ ನಾಳೆ ಹೆಂಡತಿಯೂ ಆಗಬಹುದು. ಇಷ್ರತ್‌ಳ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಚಂದದ ಹೆಸರಿಡುವುದು ಬೇಡ.

"ಇಬ್ಬರ ಆಟ ಆಡೇ ಬರೀಬೇಕಂದ್ರು ಸಂಪಾದಕರು. ನಿನ್ನ ಕರದಿದ್ರ ಹಿರ್ಯಾರು ಬಿಡ್ತಿದ್ರೇನು?"

"ಅದಕ್ಕ ಅಕಿನ್ನ ಕುಂಡ್ರಿಸ್ಕೊಂಡ್ರಿ! ಸಂಜಿಗೆ ಅಬ್ಬಾಗ ಹೇಳಿ ಮಂಗನಿ ಮುರಿಸ್ತೀನಿ. ಅದಕ್ಕೂ ಮೊದಲ ಹಚ್ರಿ ಆ ಆಟ. ಅಕಿ ಏನು ಆಡ್ಯಾಳ, ನಾನೂ ನೋಡ್ತೀನಿ!"

"ಜೆರಾಕ್ಸ್ ಅಂದಿದ್ದಿ, ಕುಸ್ತಿ ಅಂದಿದ್ದಿಲ್ಲ!" ಚಮನಬಿ ಗೊಣಗಿದಳು.

ಎಡಗಡೆಯ ಅಕ್ಷರಗಳು ಅವಳಿಗೆ, ಬಲಗಡೆಯ ಬಾಣಗಳು ಅವನಿಗೆ. ಇಬ್ಬರ ನಡುವೆ ಗೇಣು ಜಾಗ. ಅದೂ ಅವಳಿಗೆ ಚುಚ್ಚಿತು. ಫರ್ಜಾನಾ ಇಷ್ಟೇ ಹತ್ತಿರ ಕೂತಿದ್ದಳೇ?

ಮೊದಲ ಸಲ ಅರ್ಧ ನಿಮಿಷದಲ್ಲಿ ಸೋತಳು. ಆದರೆ ದಿನವಿಡೀ ಮಗ್ಗದ ಮೇಲೆ ಆಡುವ ಕೈಗಳು; ಬೇಗ ಹದ ಹಿಡಿದವು. ಎರಡನೆಯ ಸಲ ಅವಳ ಜಟ್ಟಿ ಸುತ್ತಿಗೆ ಎತ್ತಿತು. ಅವನ ಜಟ್ಟಿ ಮರದ ಹಾಗೆ ಸುಮ್ಮನೆ ನಿಂತಿತ್ತು.

ಧಡಾರ್! ಅದರ ತಲೆ ಉರುಳಿತು.

ಇಷ್ರತ್‌ಳ ಕಣ್ಣು ತುಂಬಿತು. "ಅಕಿಗೆ ಖರೇನ ಸೋತ್ರಿ. ನನಗ ಸುಳ್ಳ ಸೋಲ್ತೀರಿ? ನಾ ಏನು ಸಣ್ಣ ಕೂಸೇನ್ರಿ?"

"ಸುಳ್ಳಲ್ಲ ಇಷ್ರತ್!" ಅವನು ಕೀಬೋರ್ಡಿನಿಂದ ಕೈ ತೆಗೆದ. "ಅವತ್ತೂ ಹಿಂಗ ಆತು. ಆಟದ ನಡುವ ಫರ್ಜಾನಾ, 'ಇಷ್ರತ್ ನಿಕಾಹದ ಸೀರಿ ತಾನ ನೇಯಾಕ ಹತ್ಯಾಳಂತ' ಅಂದ್ಲು. ನಿನ್ನ ಹೆಸರು ಕಿವಿಗೆ ಬಿತ್ತು ನೋಡು... ಕೈ ನಿಂತಹೋತು. ಇದನ್ನ ಪತ್ರಿಕಿಯೊಳಗ ಹ್ಯಾಂಗ ಬರೀಲಿ? ನಿನ್ನ ಹೆಸರು ಅಚ್ಚಾಗಿದ್ರ ನಿಮ್ಮ ಅಬ್ಬಾ ಸುಮ್ಮನಿರ್ತಿದ್ರೇನು? ಅದಕ್ಕ ಅಕಿ ಕೈಚಳಕ ಅಂತ ಬರದೆ."

"ಮತ್ತ ಈಗ?"

"ಮೊದಲನೇ ಆಟ ಹ್ಯಾಂಗೋ ತಡಕೊಂಡೆ. ಈಗ ಹೆಸರಲ್ಲ... ನೀನ ಪಕ್ಕಕ್ಕ ಕುಂತೀಯಲ್ಲ!"

ಇಷ್ರತ್ ತಲೆ ತಗ್ಗಿಸಿದಳು. ಸಿಟ್ಟು ಎಲ್ಲಿ ಹೋಯಿತೋ! ಆದರೂ ಕೇಳದೆ ಬಿಡಲಿಲ್ಲ.

"ಮುಂದಿನ ತಿಂಗಳು ಯಾರು ಕುಂಡ್ರತಾರ?"

"ಯಾರೂ ಇಲ್ಲ. ನಿಕಾಹ ಆಗೂಮಟ ಒಬ್ಬರ ಆಡೂ ಆಟ ಅಷ್ಟ ಬರೀತೀನಿ."

"ಮುಗೀತೇನ ಬೇಟಿ ಜೆರಾಕ್ಸ್?" ಚಮನಬಿ ಎದ್ದಳು.

ಶಾಹೀದ ಅಂಜುತ್ತ ಕೇಳಿದ, "ಸಂಜಿಗೆ ಅಬ್ಬಾಗ ಏನು ಹೇಳ್ತಿ?"

"ನಿಕಾಹ ಲಗೂ ಮಾಡ್ರಿ ಅಂತ ಹೇಳ್ತೀನಿ. ನನಗ ತಡಕೊಳ್ಳಾಕ ಆಗವಲ್ದು."

"ನನ್ನ ಮ್ಯಾಲೆ ಅಷ್ಟು ಪ್ರೀತಿ ಐತೇನು?"

ಇಷ್ರತ್ ದುಪಟ್ಟಾದ ಅಂಚಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

"ಪ್ರೀತಿನೂ ಐತ್ರಿ... ಹೊಟ್ಟಿಕಿಚ್ಚು ಅದಕ್ಕಿಂತ ಭಾಳ ಐತಿ!"